ಕುಲುಮೆಯ ಹದ: ನಮ್ಮ ಸೀಮೆಯ ಕಮ್ಮಾರಿಕೆಯ ಕತೆ

ಸಂಘ ಕೊಟ್ಟ ಸಾಲ, ಹಂಚಿದ ಗೊಬ್ಬರ, ತರಿಸಿದ ಬಿತ್ತನೆ ಬೀಜ, ಇವುಗಳ ಲೆಕ್ಕ ವರದಿಯಲ್ಲಿದೆ. ಆದರೆ ಗೊಬ್ಬರ ಮಣ್ಣಿಗೆ ಸೇರೋದಕ್ಕೂ ಬೀಜ ಸಾಲಿಗೆ ಬೀಳೋದಕ್ಕೂ ಮೊದಲು ಮಣ್ಣು ಬಿಡಿಸುವ ಕಬ್ಬಿಣ ಬೇಕು. ಆ ಕಬ್ಬಿಣಕ್ಕೆ ಹದ ಕೊಟ್ಟವರ ವಿಷಯ ಯಾವ ವರದಿಯಲ್ಲೂ ಬರೋದಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ನಮ್ಮ ಸೀಮೆಯ ಕುಲುಮೆಗಳ ಬಗ್ಗೆ ನಾಲ್ಕು ಮಾತು ಬರೆಯೋಣ ಅಂದುಕೊಂಡೆವು.

ರೈತನಿಗೆ ಗುದ್ದಲಿ, ಕುಡುಗೋಲು ಮಾಡಿಕೊಡುವವನು ಕಮ್ಮಾರ. ಹಾಗಾದರೆ ಕಮ್ಮಾರನಿಗೆ ಸುತ್ತಿಗೆ, ಇಕ್ಕಳ, ಚಾಣ ಮಾಡಿಕೊಡುವವರು ಯಾರು? ಅವನೇ. ಬಡಗಿ ತನ್ನ ಉಳಿ, ಬಾಚಿಗೆ ಕಮ್ಮಾರನ ಹತ್ತಿರ ಹೋಗಬೇಕು. ಕಲ್ಲುಕುಟಿಗನೂ ಹೋಗಬೇಕು, ಅಕ್ಕಸಾಲಿಗನೂ ಹೋಗಬೇಕು. ಕಮ್ಮಾರ ಮಾತ್ರ ತನ್ನ ಹತಾರವನ್ನು ತಾನೇ ಬಡಿದು, ತಾನೇ ಹದ ಹಾಕಿಕೊಳ್ಳುತ್ತಾನೆ. ಉಳಿದೆಲ್ಲ ಕಸುಬುಗಳೂ ಈ ಒಂದು ವಿದ್ಯೆಯ ಮೇಲೆ ನಿಂತಿವೆ ಅಂದರೆ ತಪ್ಪಾಗಲಾರದು.

ಕಲ್ಲಿನಲ್ಲಿ ಕಾಣುವ ಕುಲುಮೆ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ನಾವೆಲ್ಲ ಹೋಗಿ ಬಂದವರೇ. ವಿಂಧ್ಯಗಿರಿಯ ಮೇಲಿನ ಗೊಮ್ಮಟನನ್ನು ಚಾವುಂಡರಾಯ ಮಾಡಿಸಿದ್ದು ಕ್ರಿ.ಶ. 981ರ ಸುಮಾರಿಗೆ. ಎತ್ತರ ಸುಮಾರು 57 ಅಡಿ. ಬೆಟ್ಟದ ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ ಅದು. ಕಲ್ಲು ಕಣಶಿಲೆ. ಅದರೊಳಗಿನ ಬೆಣಚು ಸಾಮಾನ್ಯ ಕಬ್ಬಿಣಕ್ಕಿಂತ ಗಟ್ಟಿ. ಕಣಶಿಲೆಯ ಮೇಲೆ ಉಳಿ ಇಟ್ಟು ಹೊಡೆದವರನ್ನು ಕೇಳಿ ನೋಡಿ, ಸ್ವಲ್ಪ ಹೊತ್ತಿಗೇ ಮೊನೆ ಮೊಂಡಾಗುತ್ತೆ ಅಂತಾರೆ. ಮೊಂಡಾದ ಉಳಿಯನ್ನು ಮತ್ತೆ ಕಾಯಿಸಿ, ಮೊನೆ ಎಳೆದು, ಮತ್ತೆ ಹದ ಹಾಕಿಯೇ ಕೆಲಸಕ್ಕೆ ಕೊಡಬೇಕು. ಅಂದಮೇಲೆ ಶಿಲ್ಪಿಯ ಕೈ ಎಷ್ಟು ದೊಡ್ಡದೋ ಉಳಿಗೆ ಹದ ಕೊಟ್ಟವನ ಕಣ್ಣೂ ಅಷ್ಟೇ ದೊಡ್ಡದು. ಕುಲುಮೆ ಕೈಕೊಟ್ಟಿದ್ದರೆ ಗೊಮ್ಮಟ ಬಂಡೆಯೊಳಗೇ ಉಳಿಯುತ್ತಿದ್ದ.

ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಅಲ್ಲಿನ ಮೂರ್ತಿಗಳ ಕೆಳಗೆ ಕೊರೆದಿದೆ. ಹೊಯ್ಸಳರ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಕಣಶಿಲೆಗಿಂತ ಅದು ಮೆದು, ಆದರೆ ಕೆಲಸ ಬಹಳ ಸಣ್ಣದು. ಸರದ ಮಣಿ, ಬೆರಳ ಉಗುರು, ಬಳ್ಳಿಯ ಕುಡಿ, ಇವನ್ನೆಲ್ಲ ಬಿಡಿಸೋದಕ್ಕೆ ಸೂಜಿಯಂಥ ಉಳಿ ಬೇಕು. ಸಣ್ಣ ಉಳಿಗೆ ಹದ ಹೆಚ್ಚಾದರೆ ಮೊನೆ ಸಿಡಿಯುತ್ತೆ, ಕಮ್ಮಿಯಾದರೆ ಬಾಗುತ್ತೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಮ್ಮ ಜಿಲ್ಲೆಯೆಲ್ಲ ಸಂಭ್ರಮಪಟ್ಟಿತು. ಆ ಗೌರವದಲ್ಲಿ ಕುಲುಮೆಗೂ ಒಂದು ಪಾಲಿದೆ.

'ಉಕ್ಕು' ಊರು ದಾಟಿದ್ದು

ಉಕ್ಕು ಎಂಬ ನಮ್ಮ ಮಾತು ಪರದೇಶದವರ ಬಾಯಲ್ಲಿ 'ವುಟ್ಸ್' ಆಯಿತು ಎಂದು ಬಹಳ ಮಂದಿ ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಜಾರ್ಜ್ ಪಿಯರ್ಸನ್ ಎಂಬವರು ಈ ಉಕ್ಕಿನ ಮೇಲೆ ಪ್ರಬಂಧ ಓದಿದರು. ವಿದ್ಯುತ್ತಿನ ಸಂಶೋಧನೆಯಿಂದ ಹೆಸರಾದ ಮೈಕೆಲ್ ಫ್ಯಾರಡೆ ಕೂಡ 1819ರಿಂದ ಕೆಲವು ವರ್ಷ ಸ್ಟೋಡಾರ್ಟ್ ಎಂಬ ಕತ್ತಿ, ಚಾಕು ತಯಾರಕರ ಜೊತೆ ಸೇರಿ ಇದೇ ಉಕ್ಕಿನ ಗುಟ್ಟು ಹುಡುಕಿದರು.

ಟಿಪ್ಪು ಸುಲ್ತಾನ್ 1799ರಲ್ಲಿ ಮಡಿದ ಮೇಲೆ, 1800-01ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಅಪ್ಪಣೆಯ ಮೇರೆಗೆ ಮೈಸೂರು ಸೀಮೆಯನ್ನು ಸುತ್ತಿ ಬರೆದ ದಿನಚರಿ 1807ರಲ್ಲಿ ಅಚ್ಚಾಯಿತು. ಕಬ್ಬಿಣದ ಮರಳು ಕರಗಿಸುವುದು, ಉಕ್ಕು ಮಾಡುವುದು ಎರಡನ್ನೂ ಅವರು ವಿವರವಾಗಿ ಬರೆದಿದ್ದಾರೆ. ಮಣ್ಣಿನ ಸಣ್ಣ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿಯ ಕಡ್ಡಿ, ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ಇದ್ದಿಲಿನಲ್ಲಿ ಹೂತು, ತಿದಿ ಒತ್ತಿ ಕಾಯಿಸುವುದು. ಕಡ್ಡಿಯಲ್ಲಿನ ಇಂಗಾಲ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತದೆ. ನಮ್ಮ ಹೊಲದ ಬದುವಿನ ಮೇಲೆ ಹಳದಿ ಹೂ ಬಿಡುವ ತಂಗಡಿ ಗಿಡಕ್ಕೆ ಇಂಥ ಚರಿತ್ರೆ ಇದೆ ಎಂದು ಎಷ್ಟು ಜನಕ್ಕೆ ಗೊತ್ತು?

ಮೆತುಗಬ್ಬಿಣಕ್ಕೂ ಉಕ್ಕಿಗೂ ಇರುವ ವ್ಯತ್ಯಾಸವೆಲ್ಲ ಈ ಇಂಗಾಲದ್ದೇ. ನೂರು ಪಾಲು ಕಬ್ಬಿಣದಲ್ಲಿ ಕಾಲು ಪಾಲಿಗಿಂತ ಕಮ್ಮಿ ಇಂಗಾಲವಿದ್ದರೆ ಅದು ಮೆತುಗಬ್ಬಿಣ. ಎಷ್ಟು ಕಾಯಿಸಿ ನೀರಿಗೆ ಹಾಕಿದರೂ ಹತಾರಕ್ಕೆ ಬೇಕಾದಷ್ಟು ಗಟ್ಟಿಯಾಗದು. ಅರ್ಧ ಪಾಲಿಂದ ಮೇಲಿದ್ದರೆ ಹದಕ್ಕೆ ಬರುತ್ತೆ. ಹಳೆಯ ಮೂಸೆಯ ಉಕ್ಕಿನಲ್ಲಿ ಒಂದು ಪಾಲಿಗೂ ಮೀರಿ ಇರುತ್ತಿತ್ತು. ಅದಕ್ಕೇ ಯೂರೋಪಿನ ಕಮ್ಮಾರರು ತಮ್ಮ ಅಭ್ಯಾಸದಂತೆ ಬಿಳಿ ಬಿಸಿಗೆ ಕಾಯಿಸಿ ಹೊಡೆದಾಗ ಅದು ಪುಡಿಪುಡಿಯಾಗುತ್ತಿತ್ತು. ಹೆಚ್ಚು ಇಂಗಾಲದ ಉಕ್ಕನ್ನು ಕಮ್ಮಿ ಶಾಖದಲ್ಲಿ ಮೆಲ್ಲಗೆ ಬಡಿಯಬೇಕು ಎಂಬುದು ನಮ್ಮ ದೇಶದ ಕಮ್ಮಾರರಿಗೆ ಗೊತ್ತಿದ್ದ ವಿದ್ಯೆ.

ಆಯದ ಕಾಲ

ಹಿಂದಿನ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರಿದ್ದರು. ಗೌಡ, ಶಾನುಭೋಗ, ನೀರಗಂಟಿ, ತಳವಾರ, ಅಗಸ, ಕುಂಬಾರ, ಬಡಗಿ ಇವರ ಸಾಲಿನಲ್ಲಿ ಕಮ್ಮಾರನೂ ಒಬ್ಬ. ವರ್ಷವೆಲ್ಲ ಕೆಲಸ ಮಾಡಿ ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಆಯ ಅಳೆಸಿಕೊಂಡು ಹೋಗುವುದು ವಾಡಿಕೆ. ಒಂದು ಲೆಕ್ಕದಲ್ಲಿ ಇದೂ ಸಾಲ ಸಹಕಾರವೇ. ಮುಂಗಾರಿಗೆ ರೈತನ ಕೈಯಲ್ಲಿ ಕಾಸಿಲ್ಲದಿದ್ದರೂ ಗುಳ ಹಣಿದು ಕೊಡುತ್ತಿದ್ದ, ಸುಗ್ಗಿಗೆ ವಸೂಲು ಮಾಡಿಕೊಳ್ಳುತ್ತಿದ್ದ. 1905ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾನೂನು ಬಂತು. ಅದೇ ವರ್ಷ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಹುಟ್ಟಿತು. ಅದಕ್ಕೂ ಮೊದಲೇ ಊರಿನ ಕುಲುಮೆಯಲ್ಲಿ ಇಂಥ ನಂಬಿಕೆಯ ವ್ಯವಹಾರ ನಡೆದಿತ್ತು. ಅದರಲ್ಲಿ ಕುಂದೂ ಇತ್ತು. ಬೆಳೆ ಹೋದ ವರ್ಷ ಆಯವೂ ಹೋಗುತ್ತಿತ್ತು, ಕಮ್ಮಾರನ ಒಲೆಯೂ ಆರುತ್ತಿತ್ತು. ಬರೀ ಹೊಗಳಿ ಬರೆದರೆ ಸತ್ಯವಾಗದು.

ಮೊದಲ ಮಳೆ ಬಿದ್ದರೆ ಕುಲುಮೆ ಮುಂದೆ ಜನ ಸೇರೋದು. ಗುಳ ತಂದವರು ಇದ್ದಿಲನ್ನೂ ತರಬೇಕು, ತಿದಿಯನ್ನೂ ಒತ್ತಬೇಕು, ಬೇಕಾದರೆ ಸಮ್ಮಟಿಗೆಯನ್ನೂ ಹಿಡಿಯಬೇಕು. ಸುಮ್ಮನೆ ನಿಂತು ಮಾತಾಡುವವರಿಗೆ 'ಕಬ್ಬಿಣ ಕಾಯಿಸೋ ಕಡೆ ನೊಣಕ್ಕೇನು ಕೆಲಸ' ಎಂಬ ಗಾದೆ ಸಿದ್ಧವಾಗಿರುತ್ತಿತ್ತು.

ಗುಜರಿಯಲ್ಲಿ ಬಂದ ಉಕ್ಕು

1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಕಬ್ಬಿಣ ತೆಗೆಯಲು ಶುರುಮಾಡಿತು. ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ರೈಲು ದಾರಿ ಬಂತು. ಆಮೇಲೆ ಬಸ್ಸು, ಲಾರಿ ಬಂದವು. ಕಾರ್ಖಾನೆಯ ಪಟ್ಟಿ, ಸರಳು ಅಗ್ಗವಾಗಿ ಸಿಕ್ಕಿದ ಮೇಲೆ ಮರಳು ಕರಗಿಸುವ ಒಲೆಗಳು ಮೈಸೂರು ಸೀಮೆಯಲ್ಲೆಲ್ಲ ಆರಿದವು. ಕಮ್ಮಾರನ ಕಷ್ಟ ಬೇರೆ ರೂಪದಲ್ಲಿ ಬಂತು. ಅಂಗಡಿಯ ಪಟ್ಟಿ ನೋಡೋದಕ್ಕೆ ಚೆನ್ನಾಗಿರುತ್ತೆ, ಆದರೆ ಬಹುಪಾಲು ಮೆತುಗಬ್ಬಿಣ. ಬಾಯಿ ನಿಲ್ಲುವ ಉಕ್ಕು ಬೇಕಾದರೆ ಗುಜರಿ ಅಂಗಡಿಯಲ್ಲಿ ಹುಡುಕಬೇಕಾಯಿತು.

ಹೀಗೆ ಕಮ್ಮಾರರು ಹೊಸ ವಿದ್ಯೆ ಕಲಿತರು. ಲಾರಿಯ ಕಮಾನು ಪಟ್ಟಿಯಲ್ಲಿ ನೂರಕ್ಕೆ ಅರ್ಧ ಪಾಲಿನ ಮೇಲೆ ಇಂಗಾಲ. ಮಚ್ಚಿಗೆ, ಕುಡುಗೋಲಿಗೆ ಒಳ್ಳೇದು. ರೈಲು ಕಂಬಿಯೂ ಗಟ್ಟಿ ಉಕ್ಕೇ. ತುಂಡು ಸಿಕ್ಕರೆ ಅಡಿಗಲ್ಲಾಯಿತು. ಹಳೆ ಅರದಲ್ಲಿ ಒಂದು ಪಾಲಿನಷ್ಟು ಇಂಗಾಲವಿರುತ್ತೆ, ಬಡಗಿಯ ಉಳಿಗೆ ಅದು ಸರಿ. ಗಾಡಿಯ ಅಚ್ಚು ಸುತ್ತಿಗೆಗೆ ಆಗುತ್ತೆ. ಗೊತ್ತಿಲ್ಲದ ತುಂಡನ್ನು ತಿರುಗುವ ಸಾಣೆಕಲ್ಲಿಗೆ ಹಿಡಿದು ಕಿಡಿ ನೋಡುವುದು ಸುಲಭದ ಪರೀಕ್ಷೆ. ಕಿಡಿ ಉದ್ದಕ್ಕೆ ಗೆರೆಯಾಗಿ ಹಾರಿದರೆ ಮೆತುಗಬ್ಬಿಣ, ತುದಿಯಲ್ಲಿ ಹೂಬಾಣದ ಹಾಗೆ ಕವಲೊಡೆದು ಸಿಡಿದರೆ ಉಕ್ಕು.

ಈ ಗುಜರಿ ಉಕ್ಕಿಗೂ ನಮ್ಮ ನೆಲಕ್ಕೂ ಒಂದು ನಂಟಿದೆ. ನುಗ್ಗೇಹಳ್ಳಿ ಸುತ್ತಿನ ಬೈರಾಪುರದಲ್ಲಿ ಕ್ರೋಮೈಟ್ ಅದಿರು ತೆಗೆಯಲಾಗಿದೆ. ಆ ಜಾತಿಯ ಅದಿರಿನಿಂದ ಬರುವ ಕ್ರೋಮಿಯಂ ಬೇರಿಂಗು, ಕಮಾನು ಪಟ್ಟಿಗಳ ಉಕ್ಕಿಗೆ ಸೇರುತ್ತದೆ. ಕ್ರೋಮಿಯಂ ಸೇರಿದ ಉಕ್ಕು ನೀರಿಗೆ ಹಾಕಿದರೆ ಬಿರಿಯುವ ಸಂಭವ ಹೆಚ್ಚು, ಎಣ್ಣೆಯೇ ಕ್ಷೇಮ.

ಹದ ಅಂದರೇನು?

ಹದ ಎಂಬುದು ಎರಡು ಮೆಟ್ಟಿಲಿನ ಕೆಲಸ. ಮೊದಲು ಉಕ್ಕನ್ನು ಸರಿಯಾದ ಕೆಂಪಿಗೆ ಕಾಯಿಸಿ ತಟ್ಟನೆ ತಣಿಸಬೇಕು. ಆಗ ಅದು ಗಾಜಿನಷ್ಟು ಗಟ್ಟಿ, ಗಾಜಿನಷ್ಟೇ ಪೆಡಸು. ಹಾಗೇ ಬಿಟ್ಟರೆ ಒಂದೇ ಏಟಿಗೆ ಸಿಡಿಯುತ್ತೆ. ಎರಡನೆಯದಾಗಿ ಅದನ್ನು ಮತ್ತೆ ಸ್ವಲ್ಪವೇ ಬೆಚ್ಚಗೆ ಮಾಡಿ ಪೆಡಸನ್ನು ಇಳಿಸಬೇಕು. ಮೊದಲನೆಯದು ಗಟ್ಟಿತನ ಕೊಡುತ್ತೆ, ಎರಡನೆಯದು ಬಾಳಿಕೆ ಕೊಡುತ್ತೆ.

ಬೆಂಕಿಯ ಬಣ್ಣಕ್ಕೆ ನಮ್ಮ ಹೊಲ, ಹಿತ್ತಲಿನಲ್ಲೇ ಹೋಲಿಕೆ ಉಂಟು. ಹುಚ್ಚೆಳ್ಳು ಹೂವಿನ ಹಳದಿಗೆ ಬಂದರೆ ಬಡಿದು ಆಕಾರ ಕೊಡುವ ಬಿಸಿ. ಮುತ್ತುಗದ ಹೂವಿನ ಕಿತ್ತಳೆಗೆ ಇಳಿದರೂ ಬಡಿಯಬಹುದು. ದಾಸವಾಳದ ಕೆಂಪು ಹದ ಹಾಕುವ ಬಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್. ಬೆಳ್ಳಗಾಗಿ ಕಿಡಿ ಉದುರಿದರೆ ಉಕ್ಕು ಸುಟ್ಟುಹೋಯಿತು ಅಂತಲೇ ಅರ್ಥ. ಅದನ್ನು ಯಾರೂ ಸರಿಮಾಡಲಾರರು. ಅನುಮಾನವಿದ್ದರೆ ಅಯಸ್ಕಾಂತ ಹಿಡಿದು ನೋಡಬಹುದು. ಸುಮಾರು 770 ಡಿಗ್ರಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಂಟದಂತಾದ ಮೇಲೆ ಇನ್ನೊಂದಿಷ್ಟು ಕಾಯಿಸಿ ತಣಿಸಿದರೆ ಸರಿ. ಬಿಸಿಲಿನಲ್ಲಿ ಕೆಂಪು ಗೊತ್ತಾಗೋದಿಲ್ಲ. ಕುಲುಮೆಯೊಳಗೆ ಹಗಲಲ್ಲೂ ಕತ್ತಲೆ ಇರಲು ಬಡತನವೊಂದೇ ಕಾರಣವಲ್ಲ, ಕಣ್ಣಿಗೆ ಆ ಕತ್ತಲೆ ಬೇಕು.

ಹದ ಇಳಿಸುವಾಗ ನೋಡಬೇಕಾದ ಬಣ್ಣ ಬೇರೆ. ತಣಿದ ಉಕ್ಕನ್ನು ಇಟ್ಟಿಗೆ ಚೂರಿನಿಂದ ಉಜ್ಜಿ ಬೆಳ್ಳಗೆ ಮಾಡಿ ಮೆಲ್ಲಗೆ ಕಾಯಿಸಿದರೆ ಮೇಲೆ ತೆಳ್ಳನೆ ಬಣ್ಣ ಹರಿಯುತ್ತೆ. ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಬಣ್ಣ, 255ರ ಹತ್ತಿರ ಬೆಲ್ಲದ ಬಣ್ಣ, 280ಕ್ಕೆ ನೇರಳೆ, 300ಕ್ಕೆ ನವಿಲಿನ ಕತ್ತಿನ ನೀಲಿ. ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಿದರೆ ಬಾಯಿ ಬಹಳ ಗಟ್ಟಿ, ನೀಲಿಯಲ್ಲಿ ನಿಲ್ಲಿಸಿದರೆ ಬಾಗಿ ಎದ್ದು ನಿಲ್ಲುವ ಗುಣ. ಯಾವ ಹತಾರಕ್ಕೆ ಯಾವ ಬಣ್ಣ ಎಂಬುದೇ ಕಸುಬಿನ ಸಾರ.

ಕಮ್ಮಾರನ ಸ್ವಂತ ಹತಾರಗಳು

ಚಾಣದಿಂದ ಶುರು ಮಾಡೋಣ. ತುದಿಯ ಎರಡು ಮೂರು ಅಂಗುಲ ಕೆಂಪಗೆ ಕಾಯಿಸಿ, ಬರೀ ಒಂದು ಅಂಗುಲ ನೀರಿನಲ್ಲಿ ಅದ್ದಬೇಕು. ಅದ್ದಿದಾಗ ಸ್ವಲ್ಪ ಮೇಲೆ ಕೆಳಗೆ ಆಡಿಸುತ್ತಿರಬೇಕು, ಇಲ್ಲದಿದ್ದರೆ ನೀರಿನ ಗೆರೆಯಲ್ಲೇ ಬಿರುಕು ಬೀಳುತ್ತೆ. ತೆಗೆದು ತುದಿ ಉಜ್ಜಿದರೆ, ಹಿಂದೆ ಉಳಿದ ಬಿಸಿ ಮೆಲ್ಲಗೆ ತುದಿಗೆ ಇಳಿದು ಹುಲ್ಲು, ಬೆಲ್ಲ, ನೇರಳೆ ಎಂದು ಬಣ್ಣ ಸಾಲಾಗಿ ಬರುತ್ತವೆ. ಕಬ್ಬಿಣ ಕತ್ತರಿಸುವ ಚಾಣಕ್ಕೆ ನೇರಳೆ ದಾಟಿ ನೀಲಿ ಮೂಡುವ ಹೊತ್ತಿಗೆ ಪೂರ್ತಿ ನೀರಿಗೆ ಹಾಕಿ ನಿಲ್ಲಿಸಬೇಕು. ಕಲ್ಲುಳಿಗೆ ಕಲ್ಲು ನೋಡಿ ಬೆಲ್ಲದ ಬಣ್ಣದಲ್ಲೋ ನೇರಳೆಯಲ್ಲೋ ನಿಲ್ಲಿಸುತ್ತಾರೆ. ಏಟು ಬೀಳುವ ತಲೆಗೆ ಮಾತ್ರ ಹದ ಹಾಕಲೇಬಾರದು.

ಸುತ್ತಿಗೆ ಇನ್ನೂ ಸೂಕ್ಷ್ಮ. ಎರಡು ಮುಖ ಗಟ್ಟಿಯಿರಬೇಕು, ಕಾವು ಕೂರುವ ನಡುವಿನ ತೂತಿನ ಸುತ್ತ ಮೆದುವಿರಬೇಕು. ಅದಕ್ಕಾಗಿ ಇಡೀ ಸುತ್ತಿಗೆ ಕೆಂಪಾದ ಮೇಲೆ ಒಂದು ಮುಖ ಅದ್ದಿ, ತಿರುಗಿಸಿ ಇನ್ನೊಂದು ಮುಖ ಅದ್ದಿ, ಹೀಗೆ ಮತ್ತೆ ಮತ್ತೆ ಮಾಡುತ್ತಾರೆ. ಆಮೇಲೆ ತೂತಿನೊಳಗೆ ಕೆಂಪಗೆ ಕಾದ ಸರಳು ತೂರಿಸಿದರೆ ಬಿಸಿ ನಡುವಿನಿಂದ ಎರಡೂ ಕಡೆ ಹರಿದು ಮುಖದ ಪೆಡಸು ಇಳಿಯುತ್ತೆ. ಮುಖ ಬೆಲ್ಲದ ಬಣ್ಣಕ್ಕೆ ಬಂದರೆ ಸಾಕು.

ಇಕ್ಕಳಕ್ಕೆ ಹದ ಬೇಡ. ಅದು ಸದಾ ಬೆಂಕಿಗೂ ನೀರಿಗೂ ಓಡಾಡುವ ಹತಾರ. ಗಟ್ಟಿ ಉಕ್ಕಿನಲ್ಲಿ ಮಾಡಿದರೆ ಒಂದು ದಿನ ನೀರಿಗೆ ಬಿದ್ದು ಪೆಡಸಾಗಿ ಕೈಯಲ್ಲೇ ಮುರಿಯುತ್ತೆ, ಮೆತುಗಬ್ಬಿಣದ್ದೇ ಒಳ್ಳೇದು. ರೈಲು ಕಂಬಿಯ ಅಡಿಗಲ್ಲನ್ನು ಸಣ್ಣ ಕುಲುಮೆಯಲ್ಲಿ ಪೂರ್ತಿ ಕಾಯಿಸೋದು ಆಗದ ಮಾತು. ಹೇಗೆ ಬಂತೋ ಹಾಗೇ ಮರದ ದಿಮ್ಮಿಯ ಮೇಲೆ ಬಿಗಿದು ಬಳಸುವುದೇ ಸರಿ.

ತಣಿಸಲು ನೀರೋ ಎಣ್ಣೆಯೋ ಎಂಬುದು ಉಕ್ಕಿನ ಮೇಲೆ, ಹತಾರದ ದಪ್ಪದ ಮೇಲೆ ಹೋಗುತ್ತೆ. ಕುಡುಗೋಲಿನಂಥ ತೆಳು ಅಲಗಿಗೆ ಬೆಚ್ಚಗಿನ ಹೊಂಗೆ ಎಣ್ಣೆ ಹಿತ, ಡೊಂಕಾಗೋದೂ ಬಿರಿಯೋದೂ ಕಮ್ಮಿ. ಇದ್ದಿಲಿನ ವಿಷಯದಲ್ಲಿ ಚನ್ನರಾಯಪಟ್ಟಣದ ಕಡೆ ತೆಂಗಿನ ಕರಟವೇ ಭಾಗ್ಯ. ಕರಟದ ಇದ್ದಿಲು ಗಟ್ಟಿಯಾಗಿ, ಬಹಳ ಬಿಸಿಯಾಗಿ ಉರಿಯುತ್ತೆ.

ಹೊಸದಾಗಿ ಕೈಹಾಕುವ ಹುಡುಗರಿಗೆ ಕೆಲವು ಎಚ್ಚರಿಕೆ ಹೇಳಲೇಬೇಕು. ಹದ ಹಾಕಿದ ಸುತ್ತಿಗೆಯಿಂದ ಹದ ಹಾಕಿದ ಮುಖಕ್ಕೆ ಹೊಡೆಯಬೇಡಿ. ಚೂರು ಹಾರಿದರೆ ಕಣ್ಣು ಹೋಗುತ್ತೆ. ಅಣಬೆಯ ಹಾಗೆ ಅರಳಿದ ಚಾಣದ ತಲೆಯನ್ನು ಸಾಣೆ ಹಿಡಿಯದೆ ಬಳಸಬೇಡಿ. ಎಣ್ಣೆಗೆ ಕೆಂಪು ಕಬ್ಬಿಣ ಅದ್ದುವಾಗ ಕಬ್ಬಿಣದ ಡಬ್ಬ, ಮುಚ್ಚಲು ತಗಡು ಪಕ್ಕದಲ್ಲಿರಲಿ. ಸತು ಬಳಿದ ಪೈಪು, ತಗಡನ್ನು ಕುಲುಮೆಗೆ ಹಾಕಬೇಡಿ, ಅದರ ಹೊಗೆ ಜ್ವರ ತರುತ್ತೆ. ಹದ ಹಾಕುವ ಮೊದಲು ಒಂದೆರಡು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರಲು ಬಿಟ್ಟರೆ ಬಡಿದ ಬಿಗಿ ಹೋಗಿ ಉಕ್ಕು ಸಮನಾಗುತ್ತೆ. ಅವಸರದಲ್ಲಿ ಇದನ್ನು ಬಿಡುವವರೇ ಹೆಚ್ಚು.

ಈಗಿನ ಸ್ಥಿತಿ

1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ನಮ್ಮ ಸೀಮೆಯ ಬೇಸಾಯ ಬದಲಾಯಿತು. ನಾಲೆ ಬಂದ ಕಡೆ ಗದ್ದೆ ಹೆಚ್ಚಿತು, ಕ್ರಮೇಣ ಟ್ರ್ಯಾಕ್ಟರೂ ಬಂತು. ನೇಗಿಲು ಅಟ್ಟ ಸೇರಿತು. ಗುಳ ಹಣಿಯುವ ಕೆಲಸ ಹೋದಾಗ ಕುಲುಮೆಯ ಬೆನ್ನು ಮುರಿಯಿತು. ಪೇಟೆಯಲ್ಲಿ ಬಣ್ಣ ಬಳಿದ ಗುದ್ದಲಿ, ಮಚ್ಚು ಸಾಲಾಗಿ ತೂಗುಹಾಕಿವೆ. ಬಾಯಿ ಮೊಂಡಾದರೆ ತಟ್ಟಿಸುವ ಬದಲು ಗುಜರಿಗೆ ಹಾಕಿ ಹೊಸದು ಕೊಳ್ಳುವುದು ರೂಢಿಯಾಗಿದೆ. ತಿದಿಯ ಜಾಗಕ್ಕೆ ಕರೆಂಟಿನ ಗಾಳಿ ಯಂತ್ರ ಬಂದಿದೆ, ಅದು ಒಳ್ಳೆಯದೇ. ಆದರೆ ತಿದಿ ಒತ್ತುತ್ತಾ ಬೆಂಕಿ ನೋಡಿ ಬಣ್ಣ ಕಲಿಯುತ್ತಿದ್ದ ಹುಡುಗ ಅಲ್ಲಿಲ್ಲ. ಅವನು ಬೆಂಗಳೂರಿಗೆ ಹೋಗಿದ್ದಾನೆ. ಹೋಗಬೇಡ ಎನ್ನಲು ನಮಗೆ ಯಾವ ಹಕ್ಕೂ ಇಲ್ಲ; ಆಯವನ್ನು ನಿಲ್ಲಿಸಿದ ಊರು ಕೂಲಿಯನ್ನಾದರೂ ಸರಿಯಾಗಿ ಕೊಟ್ಟಿತೇ ಎಂದು ನಾವು ನಾವೇ ಕೇಳಿಕೊಳ್ಳಬೇಕು.

ನಷ್ಟ ಕಮ್ಮಾರನೊಬ್ಬನದಲ್ಲ. ಹಾಸನದ ಆಲೂಗಡ್ಡೆ ಹೊಲದ ಕೆಂಪು ಮಣ್ಣು, ಹೊಳೆನರಸೀಪುರದ ನಾಲೆಬಯಲ ಗದ್ದೆ, ಅರಕಲಗೂಡಿನ ಮಲೆನಾಡ ಸೆರಗು, ಚನ್ನರಾಯಪಟ್ಟಣದ ತೆಂಗಿನ ತೋಟ, ಇವು ಒಂದೇ ನಮೂನೆಯ ಗುದ್ದಲಿ ಕೇಳುವುದಿಲ್ಲ. ಹಿಡಿಯುವವರ ಎತ್ತರ, ಕೈಯ ಬಲ ನೋಡಿ ಕುಡುಗೋಲಿನ ಬಾಗು ಕೊಡುವುದು ಕಾರ್ಖಾನೆಗೆ ಆಗದ ಕೆಲಸ. ದಿನವೆಲ್ಲ ಕೊಯ್ಯುವ ಹೆಣ್ಣುಮಗಳ ಮಣಿಕಟ್ಟಿಗೆ ಆ ಬಾಗಿನ ಬೆಲೆ ಗೊತ್ತು.

ಸಂಘದಿಂದ ಆಗಬಹುದಾದದ್ದು

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿ.ಎಂ. ವಿಶ್ವಕರ್ಮ ಯೋಜನೆ ಆರಂಭಿಸಿತು. ಅದರ 18 ಕಸುಬುಗಳಲ್ಲಿ ಕಮ್ಮಾರಿಕೆಯೂ, ಸುತ್ತಿಗೆ ಮತ್ತು ಹತಾರ ಮಾಡುವ ಕೆಲಸವೂ ಸೇರಿವೆ. ತರಬೇತಿ, ಹತಾರಕ್ಕೆ ₹15,000ವರೆಗೆ ಸಹಾಯ, ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷದವರೆಗೆ ಶೇಕಡ 5ರ ಬಡ್ಡಿಯ ಸಾಲ, ಇವು ಅದರಲ್ಲಿವೆ. ಅರ್ಜಿ ತುಂಬಲು ಬರದವರಿಗೆ ನಮ್ಮ ಕಚೇರಿಯಲ್ಲೇ ಕೂರಿಸಿ ತುಂಬಿಸಿಕೊಟ್ಟರೆ ಅದೇ ದೊಡ್ಡ ಉಪಕಾರ.

ಇನ್ನೂ ಮೂರು ಸಲಹೆಯನ್ನು ಸದಸ್ಯರ ಮುಂದಿಡುತ್ತೇವೆ. ಒಂದು, ಮುಂಗಾರಿಗೆ ಮುಂಚೆ ಸಂಘದ ಅಂಗಳದಲ್ಲಿ ಎರಡು ದಿನ ಕುಲುಮೆ ಹೂಡಿಸಿ, ಸುತ್ತಿನ ಊರುಗಳ ಹತಾರಗಳನ್ನೆಲ್ಲ ಒಟ್ಟಿಗೆ ತಟ್ಟಿಸುವುದು. ಕೂಲಿ ನಗದು, ದರ ಮೊದಲೇ ಗೊತ್ತುಮಾಡುವುದು. ಎರಡು, ಲಾರಿ ಕಮಾನು ಪಟ್ಟಿಯನ್ನು ಗುಜರಿಯಿಂದ ಸಗಟಾಗಿ ಕೊಂಡು ಕಮ್ಮಾರರಿಗೆ ಅಸಲು ಬೆಲೆಗೆ ಕೊಡುವುದು. ಮೂರು, ಇನ್ನೂ ಬೆಂಕಿ ಮುಂದೆ ಕೂರುವ ಹಿರಿಯರಿಂದ ಯಾವ ಹತಾರಕ್ಕೆ ಯಾವ ಬಣ್ಣ, ಯಾವ ನೀರು ಎಂಬುದನ್ನು ಕೇಳಿ ಬರೆದಿಡುವುದು. ಬಣ್ಣದ ವಿದ್ಯೆ ಕಣ್ಣಿನಲ್ಲಿದೆ. ಬರೀ ಬರೆದರೆ ಉಳಿಯದು ನಿಜ. ಆದರೂ ಮುಂದೆ ಕಲಿಯುವವನಿಗೆ ಎಲ್ಲಿಂದ ಶುರು ಮಾಡಬೇಕು ಎಂಬುದಾದರೂ ಸಿಗುತ್ತೆ.

ಮುಂದಿನ ಇಪ್ಪತ್ತೈದು ವರ್ಷದಲ್ಲಿ ನಮ್ಮ ಸಂಘ ಇನ್ನೂ ಬೆಳೆಯಲಿ. ಜೊತೆಗೆ ಸುತ್ತಿನ ಹಳ್ಳಿಗಳಲ್ಲಿ ಒಂದೊಂದು ಕುಲುಮೆಯಾದರೂ ಉರಿಯುತ್ತಿರಲಿ, ಅದರ ಮುಂದೆ ಕೂತು ಬಣ್ಣ ಕಲಿಯುವ ಒಬ್ಬ ಹುಡುಗನೋ ಹುಡುಗಿಯೋ ಇರಲಿ ಎಂದು ಹಾರೈಸುತ್ತೇವೆ.